ಹೊಳಪಿನೊಳಗಿನ ಮಬ್ಬು

ನರೇಗಲ್
೧೨ ಸೆಪ್ಟೆಂಬರ್ ೨೦೨೪

ಚಿ. ಸೌ. ದೇವಿಕಾಳಿಗೆ ಅಣ್ಣ ಅರ್ಜುನಪ್ಪನ ಆಶೀರ್ವಾದಗಳು.

ಪಂಚಮಿಗೆ ಬಂದು ಹೋದ ಮೇಲೆ ನೀನು ಒಮ್ಮೆ ಫೋನು ಮಾಡಿದ್ದೆ. ನಿನ್ನ ವೈನಿ ಶಂಕ್ರವ್ವ ಅದನ್ನು ತಂದು ನನ್ನ ಕಿವಿಗೆ ಹಿಡಿದಳು. ಇಷ್ಟು ವರ್ಷ ಲೇಥಿನ ಸದ್ದು ಕುಡಿದ ಕಿವಿ ಇದು. ತಗಡಿನ ಮೇಲೆ ಮಳೆ ಬಿದ್ದಂತೆ ಕೇಳಿಸಿತೇ ಹೊರತು ಒಂದು ಮಾತೂ ತಿಳಿಯಲಿಲ್ಲ. ಕಾಗದದಲ್ಲಿ ಹಾಗಲ್ಲ, ನಿನ್ನ ಧ್ವನಿ ತಾನಾಗಿ ಕೇಳುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಕೆಲಸದ ಮಾತಿದೆ. ಗಜೇಂದ್ರಗಡದ ಮುಜಫ್ಫರ ಸಾಹೇಬರು ಹೊಸ ಮನೆ ಕಟ್ಟಿಸುತ್ತಿದ್ದಾರೆ. ಮಾಳಿಗೆಗೆ ಹೋಗುವ ಪಾವಟಿಗೆಯ ಬದಿಗೆ ಸಾಗವಾನಿಯ ಕಂಬಗಳು ಬೇಕಂತೆ, ಅವನ್ನು ನಾನೇ ತಿರುಗಿಸಿಕೊಡಬೇಕಂತೆ. ತಿರುಗಿಸುವುದೇನು, ನಿದ್ದೆಯಲ್ಲಿ ಎಬ್ಬಿಸಿ ಉಳಿ ಕೊಟ್ಟರೂ ಮಾಡುತ್ತೇನೆ. ತೊಡಕು ಇರುವುದು ಹೊಳಪಿನಲ್ಲಿ. ನಾನು ಅರಗು ಹಚ್ಚುತ್ತೇನೆ ಅಂದೆ. ತಿರುಗುವ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಹಿಡಿಯುತ್ತದೆ, ನಮ್ಮ ತೊಟ್ಟಿಲುಗಳಿಗೆಲ್ಲ ಅದೇ ತಾನೆ. ಅವರು ಒಪ್ಪಲಿಲ್ಲ. "ಅರಗ ತೊಟ್ಟಿಲಕ್ಕ ಚಲೋ ಅರ್ಜುನಪ್ಪಾ. ನನಗ ಈ ಕಂಬದ ಮ್ಯಾಲ ಕೈ ಇಟ್ರ ನೀರಾಗ ಕೈ ಇಟ್ಟಂಗ ಅನಸಬೇಕು" ಅಂದರು. ಅದಕ್ಕೆ ಪಿಯು ಪಾಲಿಶ್ ಅನ್ನುತ್ತಾರಂತೆ. ನೀನು ಮಡಗಾಂವದ ಕಾರ್ಖಾನೆಯಲ್ಲಿ ಬಾಗಿಲುಗಳಿಗೆ ದಿನಾ ಹೊಡೆಯುವುದು ಅದನ್ನೇ ಅಲ್ಲವೇ? ನಿನಗೆ ಉಳಿ ಹಿಡಿಯಲು ಕಲಿಸಿದವನು ನಾನು. ಈಗ ನೀನು ನನಗೆ ಇದನ್ನು ಕಲಿಸು.

ಈ ವರ್ಷ ಮಂಜು ಬೇಗ ಬಂದಂತಿದೆ. ಹೆಸರಿನ ಬೆಳೆ ಕಿತ್ತ ಹೊಲಗಳ ಮೇಲೆ ಬೆಳಿಗ್ಗೆ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ನಿನ್ನ ವೈನಿ "ಎಲ್ಲೈತ್ರಿ ಮಂಜು?" ಅನ್ನುತ್ತಾಳೆ. ಅವಳಿಗೆ ಅಂಥದ್ದನ್ನೆಲ್ಲ ನೋಡಲು ಪುರುಸೊತ್ತಿಲ್ಲ.

ನಿನ್ನ ಯಜಮಾನರು ಕನಕರಾಜರಿಗೂ ನಮ್ಮ ನಮಸ್ಕಾರ ಹೇಳು.

ನಿನ್ನ ಅಣ್ಣ
ಅರ್ಜುನಪ್ಪ


ಮಡಗಾಂವ್
೨೪ ಸೆಪ್ಟೆಂಬರ್ ೨೦೨೪

ಅಣ್ಣನಿಗೆ ದೇವಿಕಾಳ ನಮಸ್ಕಾರಗಳು.

ಕಾರ್ಖಾನೆಗೆ ಬಂದ ನಿನ್ನ ಕಾಗದದಲ್ಲಿ ನನಗೆ ಕಲಿಸು ಅಂದದ್ದು ಓದಿ ಊಟದ ಹೊತ್ತೆಲ್ಲ ನಗುತ್ತಲೇ ಇದ್ದೆ. ಕೇಳು.

ಸಾಗವಾನಿಯಲ್ಲಿ ಎಣ್ಣೆ ಇರುತ್ತದೆ. ಮೊದಲು ಥಿನ್ನರ್ ಹಚ್ಚಿದ ಅರಿವೆಯಿಂದ ಒರೆಸು, ಇಲ್ಲದಿದ್ದರೆ ಮೇಲಿನದು ಹಿಡಿಯುವುದಿಲ್ಲ. ಆಮೇಲೆ ಸೀಲರ್. ಅದು ಕಟ್ಟಿಗೆಯ ಸಣ್ಣ ತೂತುಗಳನ್ನೆಲ್ಲ ತುಂಬುತ್ತದೆ. ಒಣಗಿದ ಮೇಲೆ ನಯವಾದ ಪಾಲಿಶ್ ಪೇಪರಿನಿಂದ ಉಜ್ಜು. ಲೇಥಿನ ಮೇಲೆ ನಿಧಾನ ತಿರುಗಿಸುತ್ತ ಉಜ್ಜಿದರೆ ನಿನಗೆ ಸಲೀಸು. ಆಮೇಲೆ ಹೊಳಪಿನದು, ಅದು ಎರಡು ಡಬ್ಬಿಯಲ್ಲಿ ಬರುತ್ತದೆ. ಬೇಸು ಮತ್ತು ಹಾರ್ಡ್‌ನರ್ ಕೂಡಿಸಿದ ಮೇಲೆ ಅದು ನಿನಗಾಗಿ ಕಾಯುವುದಿಲ್ಲ, ಡಬ್ಬಿಯಲ್ಲೇ ಕಲ್ಲಾಗುತ್ತದೆ, ಬೇಕಾದಷ್ಟೇ ಕಲಸು. ಅಲುಗಾಡಿಸಬೇಡ, ಗುಳ್ಳೆ ಏಳುತ್ತದೆ. ತೆಳ್ಳಗೆ ಹಚ್ಚು. ಹಚ್ಚಿದ ಮೇಲೆ ಕಂಬವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಿರು, ಒಂದೇ ಕಡೆ ಇಳಿಯದಂತೆ. ನೆಲಕ್ಕೆ ನೀರು ಚಿಮುಕಿಸು, ನಮ್ಮ ಊರಿನ ಗಾಳಿ ಧೂಳು ಹೊತ್ತೇ ಬರುತ್ತದೆ. ಮೂಗಿಗೆ ಮಾಸ್ಕ್ ಹಾಕದೆ ಡಬ್ಬಿ ತೆಗೆಯಬೇಡ. ಕೊನೆಗೆ ನೀರು ಹಾಕಿ ಉಜ್ಜಿ, ಮೇಣದಂಥ ರಬಿಂಗ್ ಪೇಸ್ಟಿನಿಂದ ತಿಕ್ಕಿದರೆ ಹೊಳಪು ಒಳಗಿನಿಂದ ಏಳುತ್ತದೆ.

ನಾವು ಸ್ಪ್ರೇ ಗನ್ನಿನಿಂದ ಹೊಡೆಯುವಾಗ ಸಂಜೆಯ ಬಿಸಿಲು ಅಡ್ಡ ಬಂದರೆ ಆ ತುಂತುರಿನಲ್ಲಿ ಬಣ್ಣಗಳು ತೇಲುತ್ತವೆ. ಕೈಗೆ ಸಿಗುತ್ತವೇನೋ ಅನ್ನುವಷ್ಟು ಹತ್ತಿರ. ನನ್ನ ಜೊತೆ ಇರುವ ನರಗುಂದದ ರಮಾಬಾಯಿ ಆಗ ಕೆಲಸ ನಿಲ್ಲಿಸಿ ನಿಂತುಬಿಡುತ್ತಾಳೆ.

ಇನ್ನೊಂದು ಮಾತು. ಪಂಚಮಿಯ ದಿನ ನಾನು ಹೊಸ್ತಿಲು ದಾಟಿ ಒಳಗೆ ಬಂದಾಗ ನೀನು ಎದುರಿಗೇ ಕೂತಿದ್ದೆ. ನನ್ನನ್ನು ಬಹಳ ಹೊತ್ತು ನೋಡಿದೆ. ಆಮೇಲೆ "ಚಲೋ ಆತು, ಬಂದಿ" ಅಂದೆ, ಅಷ್ಟೇ. ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಆ ಒಂದು ಮಾತಿನ ಮೇಲೆ ನಾನು ಇಲ್ಲಿ ದಿನ ನಡೆಸುತ್ತಿದ್ದೇನೆ ಅಣ್ಣಾ. ನೀನು ಈಗಲೂ ಚಿ. ಸೌ. ಎಂದು ಬರೆಯುತ್ತೀ, ಅವರಿಗೆ ನಮಸ್ಕಾರ ಕಳಿಸುತ್ತೀ. ಯಾರಾದರೂ ಓದಿದರೆ ಇರಲಿ ಎಂದು ಬರೆಯುತ್ತೀಯೆಂದು ನನಗೆ ಗೊತ್ತು.

ನಿನ್ನ ತಂಗಿ
ದೇವಿಕಾ


ನರೇಗಲ್
೨೦ ಅಕ್ಟೋಬರ್ ೨೦೨೪

ಚಿ. ಸೌ. ದೇವಿಕಾಳಿಗೆ ಆಶೀರ್ವಾದಗಳು.

ನಿನ್ನ ಕಾಗದವನ್ನು ಓದುವುದಕ್ಕೇ ಒಂದು ಬೆಳಗು ಹೋಯಿತು. ಅಕ್ಷರ ಇರುವೆ ಹರಿದಂತೆ ಬರೆಯುತ್ತೀಯಲ್ಲ. ಇನ್ನು ಮೇಲೆ ದೊಡ್ಡದಾಗಿ ಬರೆ. ಪಂಚಮಿಯ ಬಗ್ಗೆ ಏನೋ ಬರೆದಿದ್ದೀ. ತಂಗಿ ಮನೆಗೆ ಬಂದರೆ ಚಲೋ ಆಯಿತು ಅನ್ನದೆ ಇನ್ನೇನು ಅನ್ನಲಿ?

ನೀನು ಹೇಳಿದಂತೆ ಎಲ್ಲ ಮಾಡಿದೆ. ನಾಲ್ಕಾರು ಕಂಬಕ್ಕೆ ಹಚ್ಚಿ ಒಣಗಿಸಿದೆ. ಬೆರಳು ಆಡಿಸಿದರೆ ಗಾಜು, ಅದರಲ್ಲಿ ಸುಳ್ಳಿಲ್ಲ. ಆದರೆ ನೋಡಿದರೆ ಒಳಗೆ ಮಬ್ಬು. ಹಾಲಿನ ಪಾತ್ರೆ ತೊಳೆದ ನೀರಿನ ಹಾಗೆ. ಕಟ್ಟಿಗೆಯ ಗೆರೆಗಳು ಎಲ್ಲೋ ಕೆರೆಯ ತಳದಲ್ಲಿ ಮಲಗಿದಂತೆ ದೂರ ಕಾಣುತ್ತವೆ. ಎಲ್ಲಿ ತಪ್ಪಿದೆ?

ಅದೊಂದು ಬಿಟ್ಟರೆ ಈ ದಿನಗಳು ಚೆಂದವಾಗಿವೆ. ಸಂಜೆ ಗುಡ್ಡದ ಮೇಲಿನ ಕರೆಂಟು ಮಾಡುವ ಗಾಳಿ ಫ್ಯಾನುಗಳಿಗೆ ಕೆಂಪು ದೀಪ ಹತ್ತುತ್ತವೆ. ಒಂದೊಂದು ದೀಪಕ್ಕೂ ಬಳೆ ತೊಡಿಸಿದ ಹಾಗೆ ಸುತ್ತ ಬಣ್ಣದ ಉಂಗುರ. ನಾನು ಕಟ್ಟೆಯ ಮೇಲೆ ಕೂತು ನೋಡುತ್ತೇನೆ. ಮೊದಲು ಹೀಗೆ ಇರಲಿಲ್ಲ, ಅಥವಾ ನಾನು ಹೀಗೆ ಕೂತು ನೋಡಿರಲಿಲ್ಲ.

ನಿನ್ನ ಅಣ್ಣ
ಅರ್ಜುನಪ್ಪ


ಮಡಗಾಂವ್
೩೦ ಅಕ್ಟೋಬರ್ ೨೦೨೪

ಅಣ್ಣನಿಗೆ ನಮಸ್ಕಾರಗಳು.

ಅಕ್ಷರ ದೊಡ್ಡದು ಮಾಡಿದ್ದೇನೆ. ಅವಸರದಲ್ಲಿ ಗೀಚುತ್ತೇನೆಂದು ನಿನಗೆ ಬೇಸರವಾಗಿರಬೇಕು, ತಪ್ಪಾಯಿತು.

ಹಾಲಿನಂಥ ಮಬ್ಬು ಬಂದರೆ ಅದಕ್ಕೆ ಕಾರಣ ತೇವ. ಥಿನ್ನರ್ ಬೇಗ ಆರುವಾಗ ಗಾಳಿಯ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಇಲ್ಲಿ ಸಮುದ್ರದ ಬದಿಯಲ್ಲಿ ಮಳೆಗಾಲವೆಲ್ಲ ನಮಗೆ ಇದೇ ಕಾಟ. ಬೆಳಿಗ್ಗೆ ಮಂಜು ಅಂದಿದ್ದೆಯಲ್ಲ, ಆ ಹೊತ್ತಿಗೆ ಹಚ್ಚಬೇಡ, ಬಿಸಿಲು ಏರಿದ ಮೇಲೆ ಹಚ್ಚು. ನಿಧಾನ ಆರುವ ಥಿನ್ನರ್ ಸಿಗುತ್ತದೆ, ಅದನ್ನು ಕೇಳಿ ತೆಗೆದುಕೋ. ಒಂದು ಕೈ ಹಚ್ಚಿದ್ದು ಪೂರ್ತಿ ಒಣಗುವ ಮೊದಲು ಇನ್ನೊಂದು ಬೇಡ. ಆದರೂ ನಮ್ಮ ಆ ಒಣ ಭೂಮಿಯಲ್ಲಿ ಅಷ್ಟು ತೇವ ಎಲ್ಲಿಂದ ಬಂತೋ ನನಗೆ ತಿಳಿಯುತ್ತಿಲ್ಲ. ಫೋಟೋ ಕಳಿಸು ಎನ್ನೋಣವೆಂದರೆ ವೈನಿಯ ಫೋನು ಗುಂಡಿಯದು.

ದೀಪಾವಳಿಗೆ ಬರಲು ರಜೆ ಇಲ್ಲ. ಬಂದರೂ ಓಣಿಯವರಿಗೆ ಏನು ಹೇಳುವುದೆಂಬುದು ನನಗಿನ್ನೂ ಗೊತ್ತಿಲ್ಲ. ನಿನಗೆ ಹೇಳಬೇಕಾದ್ದಿಲ್ಲ, ಅದೊಂದು ಸಮಾಧಾನ.

ನಿನ್ನ ತಂಗಿ
ದೇವಿಕಾ


ನರೇಗಲ್
೮ ಡಿಸೆಂಬರ್ ೨೦೨೪

ಚಿ. ಸೌ. ದೇವಿಕಾಳಿಗೆ ಆಶೀರ್ವಾದಗಳು.

ಬಿಸಿಲು ಏರಿದ ಮೇಲೆ ಹಚ್ಚಿದೆ. ಥಿನ್ನರ್ ಬದಲಿಸಿದೆ. ಹಚ್ಚಿದ್ದನ್ನು ಕೆರೆದು ತೆಗೆದು ಮತ್ತೆ ಹಚ್ಚಿದೆ, ಮತ್ತೆ ಕೆರೆದೆ. ಮಬ್ಬು ಹೋಗಲಿಲ್ಲ. ಬಿಸಿಲಿಗೆ ಒಯ್ದರೆ ಇನ್ನೂ ಹೆಚ್ಚು, ಕಂಬವೇ ಬೆಳಕಿನಲ್ಲಿ ಕರಗಿ ಹೋದ ಹಾಗಾಗುತ್ತದೆ. ಮುಚ್ಚಂಜೆಯಲ್ಲಿ ಒಂದಿಷ್ಟು ವಾಸಿ. ಆಗ ಮಾತ್ರ ಗೆರೆಗಳು ಹತ್ತಿರ ಬಂದು ಮುಖ ತೋರಿಸಿ ಹೋಗುತ್ತವೆ.

ಮೊನ್ನೆ ಮುಜಫ್ಫರ ಸಾಹೇಬರು ಬಂದಿದ್ದರು. ಕಂಬ ಎತ್ತಿ ನೋಡಿ, "ಮಾಶಾಲ್ಲಾ, ಕನ್ನಡಿ ಮಾಡೀಯಲ್ಲೋ" ಅಂದರು. ದೊಡ್ಡ ಮನಸ್ಸಿನ ಮನುಷ್ಯ, ನನ್ನ ಮನಸ್ಸು ನೋಯಿಸಬಾರದೆಂದು ಹಾಗೆ ಅಂದರು. ನಿನ್ನ ವೈನಿಯೂ ಅವರ ಜೊತೆ ಸೇರಿಕೊಂಡಳು. ನನಗೆ ನಾಚಿಕೆಯಾಗಿ ಒಳಗೆ ಹೋದೆ. ಎಲ್ಲರೂ ಸೇರಿ ಮಗುವಿಗೆ ಹೇಳಿದ ಹಾಗೆ ನನಗೆ ಸುಳ್ಳು ಹೇಳುತ್ತಿದ್ದಾರೆ ಅನಿಸಿತು.

ನನ್ನ ಕೈ ಹೋಯಿತು ದೇವಿಕಾ. ಹೋದ ವಾರ ಉಳಿ ಸಹ ಜಾರಿ ಎಡಗೈಗೆ ಬಡಿಯಿತು, ಸಣ್ಣ ಗಾಯ. ಸಂಕ್ರಾಂತಿ ಆದ ಮೇಲೆ ಲೇಥು ಕೊಟ್ಟುಬಿಡುತ್ತೇನೆ. ಶಿರೋಳದವರೊಬ್ಬರು ಕೇಳಿದ್ದಾರೆ. ಅವರಿಗೆ ಹೂಂ ಅಂದಿದ್ದೇನೆ.

ಇದರ ಜೊತೆ ಬೇವಿನ ಕಟ್ಟಿಗೆಯ ಒಂದು ಬಟ್ಟಲು ಕಳಿಸುತ್ತಿದ್ದೇನೆ, ಅದೇ ಪಾಲಿಶ್ ಹಚ್ಚಿದ್ದು. ನೀನಾದರೂ ಖರೇ ಹೇಳು.

ನಿನ್ನ ಅಣ್ಣ
ಅರ್ಜುನಪ್ಪ


ಮಡಗಾಂವ್
೨೦ ಡಿಸೆಂಬರ್ ೨೦೨೪

ಅಣ್ಣಾ,

ಬಟ್ಟಲು ಬಂತು. ರಮಾಬಾಯಿಯೇ ಬಿಚ್ಚಿದಳು. ಕಿಟಕಿಯ ಬೆಳಕಿಗೆ ಹಿಡಿದು, "ಇದರಾಗ ನೀರ ಹಾಕಿ ಹೆಂಗ ಕಳಿಸ್ಯಾರ?" ಎಂದು ಒಳಗೆ ಬೆರಳು ಇಳಿಸಿದಳು. ಬೆರಳು ಒಣಗೇ ಬಂದಾಗ ತಾನೇ ಬೆಚ್ಚಿದಳು. ಅಷ್ಟು ತಿಳಿಯಾಗಿದೆ ಅಣ್ಣಾ. ಬೇವಿನ ಒಂದೊಂದು ಗೆರೆಯೂ ಕಾಣುತ್ತದೆ. ನನ್ನ ಮುಖ ಕಾಣುತ್ತದೆ, ನನ್ನ ಹಿಂದಿನ ಕಿಟಕಿ ಕಾಣುತ್ತದೆ, ಕಿಟಕಿಯಾಚೆಯ ತೆಂಗು ಕಾಣುತ್ತದೆ. ಈ ಕಾರ್ಖಾನೆಯಲ್ಲಿ ಇಂಥ ಹೊಳಪನ್ನು ನಾನು ಇದುವರೆಗೆ ತೆಗೆದಿಲ್ಲ.

ಆಗ ನಿನ್ನ ಕಾಗದಗಳನ್ನೆಲ್ಲ ತೆಗೆದು ಮೊದಲಿನಿಂದ ಓದಿದೆ. ಮಬ್ಬು ಪಾಲಿಶಿನಲ್ಲಿದ್ದರೆ ಬಿಸಿಲಿಗೂ ಮುಚ್ಚಂಜೆಗೂ ಒಂದೇ ಥರ ಇರಬೇಕು. ಗುಡ್ಡದ ದೀಪಕ್ಕೆ ಬಳೆ ತೊಡಿಸುವ ಪಾಲಿಶ್ ಯಾವುದೂ ಇಲ್ಲ. ಮಬ್ಬು ಇರುವುದು ನಿನ್ನ ಕಣ್ಣಲ್ಲಿ. ರಮಾಬಾಯಿಯ ತಾಯಿಗೂ ಹೀಗೇ ಆಗಿತ್ತಂತೆ, ಮೋತಿಬಿಂದು, ಕಣ್ಣಿಗೆ ಪೊರೆ ಬರುವುದು. ತೆಗೆದರು, ಈಗ ಸೂಜಿಗೆ ದಾರ ಹಾಕುತ್ತಾಳಂತೆ. ನಾಳೆಯೇ ವೈನಿಯನ್ನು ಕರೆದುಕೊಂಡು ರೋಣದ ದವಾಖಾನೆಗೆ ಹೋಗು. ಅಲ್ಲಿಯವರೆಗೆ ಲೇಥಿನ ಗುಂಡಿ ಒತ್ತಬೇಡ. ಶಿರೋಳದವರಿಗೆ ಕೊಡುವುದಿಲ್ಲವೆಂದು ಹೇಳು. ನಿನ್ನ ಕೈ ಎಲ್ಲಿಯೂ ಹೋಗಿಲ್ಲ.

ಇಷ್ಟು ಬರೆದು ಸುಮ್ಮನಿದ್ದುಬಿಡೋಣವೆಂದುಕೊಂಡೆ. ಆಗುತ್ತಿಲ್ಲ. ಕಾಗದ ಮುಗಿಯುತ್ತ ಬಂತು, ಅಕ್ಷರ ಸಣ್ಣದಾದರೆ ಬೈಯಬೇಡ.

ಪಂಚಮಿಯ ದಿನ ನನ್ನ ಕೊರಳಲ್ಲಿ ತಾಳಿ ಇರಲಿಲ್ಲ. ನೀನು ಅದನ್ನು ನೋಡಿದೆ, ನೋಡಿಯೂ ಚಲೋ ಆಯಿತು ಬಂದಿ ಅಂದೆ ಎಂದು ನಾನು ತಿಳಿದಿದ್ದೆ. ಈಗ ತಿಳಿಯಿತು, ನೀನು ನೋಡಿಯೇ ಇಲ್ಲ. ನಾನು ನನ್ನ ಕೊರಳಿನದೇ ಚಿಂತೆಯಲ್ಲಿದ್ದೆ, ನಿನ್ನ ಕಣ್ಣನ್ನು ಗಮನಿಸಲಿಲ್ಲ.

ಅವರು ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಯಾಕೆಂದು ಕೇಳಿದರೆ ಅದಕ್ಕೂ ಮಾತಿಲ್ಲ. ಸಾರಿಗೆ ಉಪ್ಪು ಕಡಿಮೆಯಾದರೆ ಗೋಡೆಗೆ ಹೇಳುತ್ತಿದ್ದರು. ನಾನು ಮನೆಯಲ್ಲಿದ್ದೇನೋ ಇಲ್ಲವೋ ಎಂದು ನನಗೇ ಅನುಮಾನ ಬರತೊಡಗಿತ್ತು. ಒಂದು ಬೆಳಿಗ್ಗೆ ತಾಳಿ ತೆಗೆದು ಅವರ ಊಟದ ಡಬ್ಬಿಯ ಪಕ್ಕ ಇಟ್ಟೆ. ಅವರು ಡಬ್ಬಿ ತೆಗೆದುಕೊಂಡು ಹೋದರು. ಆವತ್ತಿನಿಂದ ರಮಾಬಾಯಿಯ ಕೋಣೆಯಲ್ಲಿದ್ದೇನೆ.

ಕಣ್ಣು ಬಂದ ಮೇಲೆ ನೀನಾಗಿ ಕಂಡು ಕೇಳುವುದಕ್ಕಿಂತ ಮೊದಲೇ ನಾನು ಹೇಳಬೇಕಿತ್ತು. ಹೇಳಿದ್ದೇನೆ.

ದೇವಿಕಾ


ಮಡಗಾಂವ್
೨೫ ಜನವರಿ ೨೦೨೫

ಅಣ್ಣಾ,

ನಿನ್ನ ಕಾಗದವಿಲ್ಲ. ವೈನಿಗೆ ಫೋನು ಮಾಡಿದರೆ, "ಆಪರೇಶನ್ ಚಲೋ ಆಗೈತಿ, ಹೆದರಬ್ಯಾಡ" ಅಂದಳು, ಹೊಲದಲ್ಲಿದ್ದೇನೆಂದು ಇಟ್ಟಳು. ನನ್ನ ಕಾಗದದ ವಿಷಯ ಕೇಳಲು ನನಗೆ ಬಾಯಿ ಬರಲಿಲ್ಲ.

ನಿನಗೆ ಸಿಟ್ಟು ಬಂದಿದ್ದರೆ ಬೈದು ಬರೆ. ತವರಿಗೆ ಬರಬೇಡ ಅನ್ನುವುದಿದ್ದರೂ ಬರೆ. ಸುಮ್ಮನೆ ಮಾತ್ರ ಇರಬೇಡ. ಒಬ್ಬರ ಮೌನದ ಜೊತೆ ಎರಡು ವರ್ಷ ಇದ್ದು ಬಂದವಳು ನಾನು. ಇನ್ನೊಂದನ್ನು ಹೊರುವ ಶಕ್ತಿ ನನಗಿಲ್ಲ.

ಇಲ್ಲಿ ಈಗ ಬೆಳಿಗ್ಗೆ ನಿಜವಾದ ಮಂಜು. ದೋಣಿಗಳು ನೀರಿನ ಮೇಲಿವೆಯೋ ಆಕಾಶದಲ್ಲಿವೆಯೋ ತಿಳಿಯುವುದಿಲ್ಲ. ಕೆಲಸಕ್ಕೆ ಹೋಗುವಾಗ ಅದರೊಳಗೇ ನಡೆದು ಹೋಗುತ್ತೇನೆ.

ದೇವಿಕಾ


ನರೇಗಲ್
೧೬ ಫೆಬ್ರುವರಿ ೨೦೨೫

ಚಿ. ದೇವಿಕಾಳಿಗೆ ಅಣ್ಣನ ಆಶೀರ್ವಾದಗಳು.

ಮೊದಲು ಇದನ್ನು ಓದು: ನನಗೆ ಸಿಟ್ಟಿಲ್ಲ. ನಿನ್ನ ಕಾಗದದ ಮೊದಲ ಹಾಳೆಯನ್ನು ಹೇಗೋ ಓದಿದೆ. ಓದಿ ಮರುದಿನವೇ ರೋಣಕ್ಕೆ ಹೋದೆ. ಎರಡನೇ ಹಾಳೆಯ ಸಣ್ಣ ಅಕ್ಷರ ನನ್ನ ಕಣ್ಣಿಗೆ ಹತ್ತಲಿಲ್ಲ. ಪಾಲಿಶಿನ ಮಾತೇ ಇರಬೇಕೆಂದು ಮಡಚಿ ದೇವರ ಮಾಡದಲ್ಲಿಟ್ಟೆ. ನಿನ್ನ ವೈನಿಗೆ ಓದು ಬಾರದು, ಓಣಿಯವರ ಕೈಗೆ ಕೊಡುವುದು ಬೇಡವೆನಿಸಿತು. ಆಪರೇಶನ್ ಆದ ಮೇಲೆ ಡಾಕ್ಟರು ಧೂಳು, ಒಲೆಯ ಹೊಗೆ, ಓದು ಮೂರೂ ಸ್ವಲ್ಪ ದಿನ ಬೇಡವೆಂದರು. ಹೊಸ ಚಷ್ಮಾ ಬಂದದ್ದು ಮೊನ್ನೆ. ಮೊದಲು ಓದಿದ್ದು ನಿನ್ನ ಎರಡು ಕಾಗದ.

ಪಟ್ಟಿ ಬಿಚ್ಚಿದಾಗ ನನಗೆ ಮೊದಲು ಕಂಡದ್ದು ನಿನ್ನ ವೈನಿ. ತಲೆಯೆಲ್ಲ ಬೆಳ್ಳಗಾಗಿದೆ. ಯಾವಾಗ ಹಿಂಗಾತು ಎಂದು ಕೇಳಿದೆ. "ನಿಮ್ಮ ಎದರಗನ ಆತಲ್ರಿ" ಅಂದಳು. ದವಾಖಾನೆಯಿಂದ ಬರುವಾಗ ಬಸ್ಸಿನ ಕಿಟಕಿಯಲ್ಲಿ ಜೋಳದ ಒಂದೊಂದು ಗರಿಯೂ ಬೇರೆ ಬೇರೆ ಕಾಣುತ್ತಿತ್ತು. ಎಲ್ಲದಕ್ಕೂ ಅಂಚು ಬಂದುಬಿಟ್ಟಿತ್ತು. ಖರೇ ಹೇಳಲೇ? ಒಂದೆರಡು ದಿನ ಆ ಹಾಲಿನಂಥ ಬೆಳಗು ಇಲ್ಲದೆ ಏನೋ ಕಳೆದುಕೊಂಡ ಹಾಗಿತ್ತು.

ಗಜೇಂದ್ರಗಡಕ್ಕೆ ಹೋಗಿ ಪಾವಟಿಗೆ ನೋಡಿದೆ. ಕಂಬಗಳು ನಿಂತ ನೀರಿನ ಹಾಗೆ ಹೊಳೆಯುತ್ತವೆ. ಒಂದರ ಬುಡದಲ್ಲಿ ಪಾಲಿಶ್ ಇಳಿದು ಹನಿಗಟ್ಟಿದೆ. ಬಿಚ್ಚಿ ಕೊಡ್ರಿ, ಸರಿ ಮಾಡುತ್ತೇನೆ ಅಂದೆ. "ಇರಲಿ ಬಿಡೋ, ಅದ ನಿನ್ನ ಸಹಿ" ಎಂದು ಸಾಹೇಬರು ನಕ್ಕರು. ಮುಂದಿನ ವಾರ ಹೋಗಿ ಸರಿ ಮಾಡುವವನಿದ್ದೇನೆ. ಲೇಥು ಇಲ್ಲೇ ಇದೆ.

ಈಗ ನಿನ್ನ ಮಾತು. ನಾನು ಆವತ್ತು ನಿನ್ನ ಕೊರಳು ನೋಡಲಿಲ್ಲ. ನೋಡಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದೆ. ಮರುದಿನವೇ ನಿನ್ನನ್ನು ಕರೆದುಕೊಂಡು ಬಸ್ಸು ಹತ್ತುತ್ತಿದ್ದೆ. ಅವರ ಮುಂದೆ ಕೈ ಮುಗಿದು, ಏನೋ ತಿಳಿಗೇಡಿ, ಹೊಟ್ಟೆಗೆ ಹಾಕಿಕೊಳ್ಳಿ ಎಂದು ನಿನ್ನನ್ನು ಆ ಗೋಡೆಗಳ ನಡುವೆ ಬಿಟ್ಟು ಬರುತ್ತಿದ್ದೆ. ನೋಡದ್ದೇ ವಾಸಿಯಾಯಿತು. ಈ ತಿಂಗಳುಗಳು ನಿನಗೆ ಸಿಕ್ಕವು.

ಶಂಕ್ರವ್ವನಿಗೆ ನಿನ್ನ ಕಾಗದ ಓದಿ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ನನಗ ಪಂಚಮ್ಯಾಗ ಗೊತ್ತಿತ್ರಿ. ನಿಮಗೂ ಗೊತ್ತಾಗೇತಿ, ಅಕಿ ತಾನಾಗಿ ಹೇಳ್ಲಿ ಅಂತ ಸುಮ್ಮನದೀರಿ ಅಂತ ತಿಳದಿದ್ದೆ" ಅಂದಳು. ಒಂದೇ ಮನೆಯಲ್ಲಿ ಕೂತು ಹೀಗೆ.

ಮಾತಾಡದೆ ಇರುವುದು ಸಾಕೆನಿಸಿತು. ನಿನ್ನೆ ಒಂದು ಟೆಂಪೋ ಮಾಡಿಕೊಂಡು ಸವಡಿಗೆ, ನಿನ್ನ ಅತ್ತೆಯ ಮನೆಗೆ ಹೋದೆ. ಯಂಕವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಮಗನ ವಿಷಯ ಅವಳಿಗೆ ಅಷ್ಟಿಷ್ಟು ತಿಳಿದಿತ್ತು.

"ನಮ್ಮ ದೇವಿಕಾನ ಸಾಮಾನ ಒಯ್ಯಾಕ ಬಂದೀನಬೇ" ಅಂದೆ.

"ಹೆಣ್ಣ ಕೊಟ್ಟ ಮ್ಯಾಲ ಸಾಮಾನ ಹೊಳ್ಳಿ ಒಯ್ಯೂದು ಎಲ್ಲೆರ ಐತೇನಪಾ?"

"ಹೆಣ್ಣ ಹೊಳ್ಳಿದ ಮ್ಯಾಲ ಸಾಮಾನ ಇಲ್ಲಿ ಏನ ಮಾಡತಾವು?"

ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವಳು ಜಗಳ ಮಾಡಲಿಲ್ಲ. ಮೊರದಲ್ಲಿನ ಜೋಳದಿಂದ ಒಂದು ಕಲ್ಲು ಹೆಕ್ಕಿ ಆಚೆ ಒಗೆದಳು. ಆಮೇಲೆ, "ಸಣ್ಣಾವ ಇದ್ದಾಗಿಂದ ಹಂಗ ಅಂವಾ. ಸಿಟ್ಟ ಬಂದ್ರ ಮಾತ ಬಿಡತಿದ್ದ. ಅವರಪ್ಪನೂ ಹಂಗ ಇದ್ದ. ನಾನೂ ಸುಮ್ಮನ ದಿನಾ ತಗದೆ" ಅಂದಳು. ಎದ್ದು ಒಳಗೆ ಹೋಗಿ ನಿನ್ನ ಸಂದೂಕದ ಒಂದು ಬದಿಯನ್ನು ತಾನೇ ಹಿಡಿದು ಎತ್ತಿದಳು. ಮಂಚ, ತಾಮ್ರದ ಕೊಡ, ನಿನ್ನ ಹೊಲಿಗೆ ಮಶೀನು ಎಲ್ಲ ಬಂದಿವೆ. ಟೆಂಪೋ ಹೊರಡುವಾಗ ಯಂಕವ್ವ ಹತ್ತಿರ ಬಂದು, "ಅಕಿ ಆರಾಮ ಅದಾಳಿಲ್ಲ?" ಎಂದು ಕೇಳಿದಳು. ಆರಾಮ ಅದಾಳ ಅಂದೆ. ನೀನು ಆರಾಮ ಇದ್ದೀ, ಹೌದಲ್ಲವೇ? ಬರೆದು ತಿಳಿಸು.

ಎಲ್ಲವನ್ನೂ ನಡುಮನೆಯ ಪಕ್ಕದ ಕೋಣೆಯಲ್ಲಿ ಇಟ್ಟಿದ್ದೇನೆ. ನೀನು ಮಡಗಾಂವದಲ್ಲೇ ಇರು, ಇಲ್ಲಿಗೇ ಬಾ, ನಿನ್ನ ಮನಸ್ಸು. ಹಬ್ಬಕ್ಕೇ ಬರಬೇಕೆಂದಿಲ್ಲ. ಓಣಿಯವರಿಗೆ ಏನು ಹೇಳುವುದೆಂದು ಹಿಂದೆ ಬರೆದಿದ್ದೆ. ನಿನ್ನೆ ಸಾಮಾನು ಇಳಿಸಿದ್ದು ಹಾಡುಹಗಲು. ಕಟ್ಟೆಯ ಮೇಲೆ ಕೂತವರು, ನೀರು ಹೊತ್ತು ಹೊರಟವರು ಎಲ್ಲರೂ ನಿಂತು ನೋಡಿದರು. ನಾನೂ ಅವರನ್ನು ನೋಡಿದೆ.

ನಿನ್ನ ಅಣ್ಣ
ಅರ್ಜುನಪ್ಪ